ಮುಂಗಡ ಖುಷಿ

ಕೆಲವರು ಊಟ ಮುಗಿಸಿ ಕೈ ತೊಳೆದ ಮೇಲೆ ಬಡಿಸಿದ ಹುಡುಗನ ಕೈಗೆ ಹತ್ತು ರೂಪಾಯಿ ಇಡುತ್ತಾರೆ. ಕೆಲವರು ಇಡುವುದೇ ಇಲ್ಲ. ಬಡೇಸೋಪು ಬಾಯಿಗೆ ಹಾಕಿಕೊಂಡು, ಗೋಡೆಗೆ ತೂಗುಹಾಕಿದ ಶರಣರ ಫೋಟೋವನ್ನು ಭಕ್ತಿಯಿಂದ ನೋಡುತ್ತ ಹೊರಗೆ ನಡೆಯುತ್ತಾರೆ. ಈ ಎರಡೂ ಪಂಗಡಕ್ಕೆ ಸೇರದವರು ಇನ್ನೊಬ್ಬರಿದ್ದಾರೆ. ಅವರು ತಾಟು ಬರುವ ಮೊದಲೇ ಕೊಡುತ್ತಾರೆ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದರೂ ಇಂಥವರೊಬ್ಬರ ಮನೆ ತೋರಿಸುತ್ತಾರೆ. ಒಬ್ಬರ ಹೆಸರು ಬರೆದರೆ ಉಳಿದವರು ಮುನಿಸಿಕೊಳ್ಳುತ್ತಾರಾದ್ದರಿಂದ ಎಲ್ಲರನ್ನೂ ಕೂಡಿಸಿ ಮುಂಗಡಪ್ಪನವರು ಎಂದುಬಿಡೋಣ.

ಮುಂಗಡಪ್ಪನವರಿಗೆ ಅರವತ್ತು ದಾಟಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಊರ ಹೊರಗೆ ಮೆಕ್ಕೆಜೋಳದ ಹೊಲ, ಅಮೆರಿಕದಲ್ಲಿ ಮಗ. ಅಂಗಿಯ ಜೇಬಿನಲ್ಲಿ ಪೆನ್ನು ಇರುವುದಿಲ್ಲ, ಹತ್ತು, ಇಪ್ಪತ್ತು, ಐವತ್ತರ ಹೊಸ ನೋಟುಗಳಿರುತ್ತವೆ. ಕೊಡುವ ಕಲೆಯನ್ನು ಅವರಿಂದ ಕಲಿಯಬೇಕು. ನೋಟನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಮತ್ತೆ ಅಡ್ಡಕ್ಕೊಮ್ಮೆ ಮಡಿಚುತ್ತಾರೆ. ತೋರುಬೆರಳು, ನಡುಬೆರಳಿನ ಸಂದಿಯಲ್ಲಿ ಸಿಗಿಸಿಕೊಳ್ಳುತ್ತಾರೆ. ಹುಡುಗ ನೀರಿನ ಲೋಟ ಇಡಲು ಬಾಗಿದಾಗ ಅವನ ಅಂಗೈ ಹುಡುಕಿ ಒತ್ತಿ, "ಇಸ್ಕಾ ತಮ್ಮಾ, ಚಾ ಕುಡಿ" ಎನ್ನುತ್ತಾರೆ. ತೀರಾ ಗುಟ್ಟಾಗಿಯೇ ಕೊಡುತ್ತಾರೆ, ಆದರೆ ಸುತ್ತಲಿನ ಮೂರು ಟೇಬಲ್ಲಿನವರಿಗೆ ಕಾಣುವಷ್ಟು ಗುಟ್ಟಾಗಿ.

ಇದರ ಹಿಂದೆ ಒಂದು ಸಿದ್ಧಾಂತವಿದೆ. "ಉಂಡ ಮ್ಯಾಲೆ ಕೊಟ್ರ ಅದು ಸಂಬಳ. ಉಣ್ಣಾಕಿಂತ ಮದ್ಲು ಕೊಟ್ರ ಅದು ಸಂಬಂಧ."

ಸಂಬಂಧ ಕೆಲವೊಮ್ಮೆ ಕೈಕೊಡುವುದುಂಟು. ಕೊಟ್ಟೂರೇಶ್ವರನ ತೇರಿನ ದಿನ ಕೊಟ್ಟೂರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದಾವಣಗೆರೆ, ಚಿತ್ರದುರ್ಗ, ಗದಗದ ಕಡೆಯಿಂದ ನಡೆದುಬಂದವರೆಲ್ಲ ಹಸಿದಿರುತ್ತಾರೆ. ಅಂಥ ಹೊತ್ತಿನಲ್ಲಿ ಮುಂಗಡಪ್ಪನವರು ಖಾನಾವಳಿ ಹೊಕ್ಕು ಒಬ್ಬ ಹುಡುಗನಿಗೆ ಐವತ್ತು ಒತ್ತಿದರು. ಹುಡುಗ ಹಲ್ಲು ಬಿಟ್ಟು, "ಕುಂದರ್ರಿ ಯಜಮಾನ್ರ, ಬಿಸಿ ರೊಟ್ಟಿ ತರ್ತೀನಿ" ಎಂದು ಒಳಗೆ ಹೋದ. ಮಾಲೀಕ ಅವನನ್ನು ಹಿಂದಿನ ಬಾಗಿಲಿನಿಂದಲೇ ಪಾತ್ರೆ ಉಜ್ಜಲು ಕಳಿಸಿದ. ರೊಟ್ಟಿ ತಂದವನು ಬೇರೆಯವನು. ಅವನಿಗೆ ಈ ಸಂಬಂಧದ ಸುದ್ದಿಯೇ ಗೊತ್ತಿಲ್ಲ. ಮುಂಗಡಪ್ಪನವರು ಇನ್ನೊಂದು ನೋಟು ಮಡಿಚಿದರು. ಐವತ್ತಕ್ಕೆ ಒಳ್ಳೆಯ ಮಿರ್ಚಿ, ಒಗ್ಗರಣೆ ಮಂಡಕ್ಕಿ ಬರುತ್ತಿತ್ತು ಎಂದು ಪಕ್ಕದಲ್ಲಿದ್ದ ಅವರ ಹೆಂಡತಿ ಲೆಕ್ಕ ಹಾಕಿದ್ದು ಅವರಿಗೆ ಕೇಳಿಸಲಿಲ್ಲ.

ವಿಚಿತ್ರವೆಂದರೆ ಇವರ ಅಜ್ಜ ಹೀಗಿರಲಿಲ್ಲ, ಇವರ ಅಜ್ಜನ ಕಾಲದ ಯಾರೂ ಹೀಗಿರಲಿಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಬಡಿಗ, ಕಮ್ಮಾರ, ಅಗಸ, ಹಡಪದ ವರ್ಷವಿಡೀ ಕೆಲಸ ಮಾಡುತ್ತಿದ್ದರು. ಅವರಿಗೆ ಸಲ್ಲಬೇಕಾದ ಆಯ ಸುಗ್ಗಿಯಲ್ಲಿ ಕಣದಿಂದ ಹೋಗುತ್ತಿತ್ತು. ಮೊದಲು ಕೆಲಸ, ಕಡೆಗೆ ಕಾಳು. ಮಳೆ ಕೈಕೊಟ್ಟ ವರ್ಷ ಕಾಳೂ ಇಲ್ಲ. ಇದು ನ್ಯಾಯವೆಂದು ನಾನು ಹೇಳುತ್ತಿಲ್ಲ, ಕಣದ ತಳಗಾಳು ಯಾರ ಪಾಲಿಗೆ ಬರುತ್ತಿತ್ತೆಂದು ಆಯ ಹೊತ್ತವರ ಮೊಮ್ಮಕ್ಕಳನ್ನು ಕೇಳಬೇಕು. ಆದರೆ ಮುಂಗಡ ಕೊಟ್ಟು ಕ್ಷೌರಕ್ಕೆ ಕೂತ ಗೌಡನ ಕಥೆಯನ್ನು ನಮ್ಮ ಕಡೆ ಯಾರೂ ಕೇಳಿಲ್ಲ.

ದೇವರ ಲೆಕ್ಕವೂ ಹಾಗೆಯೇ. "ಮಗನಿಗೆ ನೌಕರಿ ಆಗಲಿ, ಕೊಟ್ಟೂರಿಗೆ ನಡಕೊಂತ ಬರ್ತೀನಿ" ಎಂಬುದು ಹರಕೆ. ಆದರೆ ಕೊಡುತ್ತೇನೆ, ಆಗದಿದ್ದರೆ ನೀನುಂಟು ನಾನುಂಟು. ಮುಂಗಡಪ್ಪನವರೂ ದೇವರಿಗೆ ಮುಂಗಡ ಕೊಟ್ಟವರಲ್ಲ. ಮಗನಿಗೆ ವೀಸಾ ಆಗಲೆಂದು ಮೈಲಾರಲಿಂಗನಿಗೆ ಹರಕೆ ಹೊತ್ತರು, ವೀಸಾ ಬಂದ ಮೇಲೆಯೇ ಹೂವಿನಹಡಗಲಿಯ ಬಸ್ಸು ಹತ್ತಿದರು. ಆದರೆ ಅದೇ ವೀಸಾದ ಕಾಗದಪತ್ರ ಮಾಡಿಸುವಾಗ ಒಂದು ಕಚೇರಿಯ ಜವಾನನಿಗೆ ಮೊದಲ ದಿನವೇ ಕೈ ಬಿಸಿ ಮಾಡಿದ್ದರು. ದೇವರನ್ನು ನಂಬಿ ಕಾಯಿಸಬಹುದು, ಜವಾನನನ್ನು ಕಾಯಿಸಲಾಗದು. 2018ರ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವನೂ ಅಪರಾಧಿ ಎಂದು ವಕೀಲರೊಬ್ಬರು ಹೇಳಿದಾಗ ಮುಂಗಡಪ್ಪನವರಿಗೆ ನಿಜಕ್ಕೂ ನೋವಾಯಿತು. "ಲಂಚ ಎಲ್ಲೈತ್ರಿ? ನಾ ಕೊಟ್ಟಿದ್ದು ಖುಷಿ!" ಎಂದರು. ಜವಾನ ಖುಷಿಯಾಗಿದ್ದನೆಂಬುದಕ್ಕೆ ಸಾಕ್ಷಿ ಬೇಕಿದ್ದರೆ ತರುತ್ತೇನೆ ಎಂದೂ ಹೇಳಿದರಂತೆ.

ಇನ್ನೊಂದು ಪೆಟ್ಟು ದೆಹಲಿಯಿಂದ ಬಂತು. 2025ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿಯವರು, ಟ್ಯಾಕ್ಸಿ ಆ್ಯಪುಗಳು ಗಾಡಿ ಬರುವ ಮೊದಲೇ ಟಿಪ್ಸ್ ಕೇಳುವುದು ಅನೈತಿಕ, ಟಿಪ್ಸ್ ಎಂಬುದು ಸೇವೆ ಪಡೆದ ಮೇಲೆ ಮೆಚ್ಚಿ ಕೊಡುವಂಥದ್ದು, ಹಕ್ಕಿನಿಂದ ಕೇಳುವಂಥದ್ದಲ್ಲ ಎಂದರು. ಗ್ರಾಹಕ ಸಂರಕ್ಷಣಾ ಪ್ರಾಧಿಕಾರದಿಂದ ಊಬರ್ ಕಂಪನಿಗೆ ನೋಟಿಸೂ ಹೋಯಿತು. ಬೆಂಗಳೂರಿನಲ್ಲಿ ಮಗಳ ಮನೆಗೆ ಹೋದಾಗಲೆಲ್ಲ ಆಟೋ ಕರೆಯುವ ಮುನ್ನ ಮೊಬೈಲಿನಲ್ಲಿ ಇಪ್ಪತ್ತು, ಮೂವತ್ತು ಒತ್ತಿ, ಜೀವಮಾನದಲ್ಲಿ ಮೊದಲ ಬಾರಿಗೆ ತನ್ನ ಸಿದ್ಧಾಂತಕ್ಕೆ ಯಂತ್ರದ ಬೆಂಬಲ ಸಿಕ್ಕಿತೆಂದು ಹಿಗ್ಗಿದ್ದವರು ಇವರು. ಪೇಪರು ಓದಿ ಕನ್ನಡಕ ತೆಗೆದರು. "ದಿಲ್ಲಿಯವ್ರು ಅಂದಿದ್ರ ಬಿಡು ಅಂತಿದ್ದೆ. ಹುಬ್ಬಳ್ಳಿಯವ್ರೇ ಹಿಂಗಂದ್ರ ಹೆಂಗ?"

ಹೀಗಿರುವಾಗ ಮಗನ ಫೋನು ಬಂತು. ಅಪ್ಪ ಅವ್ವನನ್ನು ಕರೆಸಿಕೊಂಡು ಹಡಗಿನ ಪ್ರವಾಸ ಮಾಡಿಸುತ್ತಾನಂತೆ. ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಟು ಮೆಕ್ಸಿಕೋ ಕಡೆ ಹೋಗಿ ಬರುವ ಏಳು ರಾತ್ರಿಯ ಹಡಗು. ಟಿಕೆಟ್ಟು, ಊಟ, ರೂಮು ಎಲ್ಲ ಸೇರಿ ಇಷ್ಟು ಎಂದಾದ ಮೇಲೆ ಕಂಪ್ಯೂಟರು ಇನ್ನೊಂದು ಪ್ರಶ್ನೆ ಕೇಳುತ್ತಿದೆ: ಟಿಪ್ಸ್ ಈಗಲೇ ಕಟ್ಟುತ್ತೀರೋ, ಹಡಗಿನಲ್ಲಿ ಕಟ್ಟುತ್ತೀರೋ?

"ಅಪ್ಪಾಜಿ, ನೀವು ಹೆಂಗೂ ಮದ್ಲೇ ಕೊಡೋರು. ಈಗ್ಲೇ ಕಟ್ಟಿಬಿಡ್ಲೇನು?"

ವಿಷಯ ಬಿಡಿಸಿ ಹೇಳುವುದಾದರೆ ಇಷ್ಟು. ದೊಡ್ಡ ಹಡಗು ಕಂಪನಿಗಳು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಟಿಪ್ಸ್ ಹಾಕುತ್ತವೆ. ಹಿಂದೆ ಕಡೆಯ ರಾತ್ರಿ ಪ್ರಯಾಣಿಕರು ಲಕೋಟೆಯಲ್ಲಿ ನೋಟಿಟ್ಟು ರೂಮಿನ ಹುಡುಗನಿಗೆ, ಊಟ ಬಡಿಸಿದವನಿಗೆ ತಾವೇ ಕೊಡುತ್ತಿದ್ದರಂತೆ. ಈಗ ಲಕೋಟೆ ಹೋಗಿ ಖಾತೆ ಬಂದಿದೆ. ಮೊದಲೇ ಕಟ್ಟದಿದ್ದರೆ ದಿನದಿನವೂ ನಿಮ್ಮ ರೂಮಿನ ಲೆಕ್ಕಕ್ಕೆ ತಾನಾಗಿಯೇ ಬೀಳುತ್ತದೆ. ಬಹುತೇಕ ಹಡಗುಗಳಲ್ಲಿ ಕೌಂಟರಿಗೆ ಹೋಗಿ ಕಡಿಮೆ ಮಾಡಿಸಲು ಅವಕಾಶವಿದೆ, ಅಲ್ಲಿ ಸಾಲಿನಲ್ಲಿ ನಿಂತು "ಕಡಿಮೆ ಮಾಡ್ರಿ" ಎನ್ನುವ ಧೈರ್ಯ ಬೇಕು. ಈಗಲೇ ಕಟ್ಟಿದರೆ ಒಂದು ಲಾಭ: ನಡುವೆ ದರ ಏರಿದರೂ ಸಾಮಾನ್ಯವಾಗಿ ಹಳೆಯ ದರವೇ ಉಳಿಯುತ್ತದೆ. ಕುಡಿಯುವ ಪದಾರ್ಥಕ್ಕೆ, ಮೈ ತಿಕ್ಕಿಸಿಕೊಳ್ಳುವುದಕ್ಕೆ ನೂರಕ್ಕೆ ಹದಿನೆಂಟೋ ಇಪ್ಪತ್ತೋ ಬೇರೆ. ಕೂಡಿಬಿದ್ದ ದುಡ್ಡು ರೂಮಿನ ಹುಡುಗ, ಊಟದ ಹಾಲಿನವರಿಂದ ಹಿಡಿದು ಪ್ರಯಾಣಿಕರ ಕಣ್ಣಿಗೆ ಬೀಳದೆ ಬಟ್ಟೆ ಒಗೆಯುವವರವರೆಗೆ ಹಂಚಿಹೋಗುತ್ತದೆ. ಹಡಗಿನ ನೌಕರರು ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವರು. ಅವರ ಗಳಿಕೆಯಲ್ಲಿ ಇದು ದೊಡ್ಡ ಪಾಲು.

ನಮ್ಮ ದೇಶದಲ್ಲಾದರೆ ಹೋಟೆಲಿನವರು ಬಿಲ್ಲಿಗೆ ತಾವೇ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ ಎಂದು 2022ರ ಜುಲೈನಲ್ಲೇ ಗ್ರಾಹಕ ಪ್ರಾಧಿಕಾರ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಗ್ಯಾಲ್ವೆಸ್ಟನ್ ಬಂದರು ದೆಹಲಿ ಹೈಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ.

ಮುಂಗಡಪ್ಪನವರು ಕಾಗದ ತೆಗೆದು ಲೆಕ್ಕ ಹಾಕಿದರು. ದಿನಕ್ಕೆ 18 ಡಾಲರ್, ಇಬ್ಬರಿಗೆ, ಏಳು ದಿನ: 252 ಡಾಲರ್. ಡಾಲರಿಗೆ 85 ಹಿಡಿದರೂ 21,420 ರೂಪಾಯಿ. ಮೆಕ್ಕೆಜೋಳದ ಬೆಂಬಲ ಬೆಲೆ 2025-26ರಲ್ಲಿ ಕ್ವಿಂಟಲಿಗೆ 2,400 ಇತ್ತು. ಹೆಚ್ಚುಕಡಿಮೆ ಒಂಬತ್ತು ಕ್ವಿಂಟಲ್ ಜೋಳ, ಅದೂ ಬೆಂಬಲ ಬೆಲೆ ಸಿಕ್ಕರೆ. ಸಿಕ್ಕರೆ ಎಂಬಲ್ಲಿ ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತು.

ಸುದ್ದಿ ಊರೂರಿಗೆ ಹರಡಿ, ಬೀಗರು ಬಿಜ್ಜರೆಲ್ಲ ಸಲಹೆ ಕೊಟ್ಟರು. ಹರಪನಹಳ್ಳಿಯ ಷಡ್ಡಕರು ಖಂಡಿತ ಬೇಡವೆಂದರು. ಬಳ್ಳಾರಿಯಲ್ಲಿದ್ದ ಅವರ ತಾಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಒಂದು ಜಿಲ್ಲಾ ಕಚೇರಿಯ ಜವಾನನ ಪರಿಚಯ ಪಕ್ಕಾ ಆಗುವಷ್ಟರಲ್ಲಿ ಇನ್ನೊಂದು ಜಿಲ್ಲೆ. "ನಿಂತ ನೆಲದಾಗ ನಾವು ಇಷ್ಟು ಅಡ್ಡಾಡೀವಿ, ನೀರಿನ ಮ್ಯಾಲಿನ ಹಡಗಿನವ್ರಿಗೆ ಮುಂಗಡ ಕೊಡ್ತಾರೇನು?" ಎಂಬುದು ಅವರ ವಾದ. ಹಗರಿಬೊಮ್ಮನಹಳ್ಳಿಯ ಹಿರಿಯರೊಬ್ಬರು ನಕ್ಕರು. ತುಂಗಭದ್ರಾ ಅಣೆಕಟ್ಟೆಯ ನೀರಿನಲ್ಲಿ ಅವರ ಹಳ್ಳಿ ಮುಳುಗಿದೆ. "ಮುಂಗಡ ಅಂದ್ರ ನಾವು ಕೊಟ್ಟಿದ್ದು ನೋಡಪ್ಪಾ. ಊರಿಗೆ ಊರನ್ನೇ ಕೊಟ್ವಿ. ಪರಿಹಾರದ ಲೆಕ್ಕ ಆಮ್ಯಾಲೆ ಶುರುವಾತು" ಎಂದರು. ಕೂಡ್ಲಿಗಿಯ ಅಳಿಯ ಬ್ಯಾಂಕಿನವನು, ಏಳೆಂಟು ತಿಂಗಳು ಮುಂಚೆ ಕೊಟ್ಟ ದುಡ್ಡಿನ ಬಡ್ಡಿ ಎಷ್ಟಾಗುತ್ತದೆಂದು ಹೇಳಿ ಎಲ್ಲರ ಕೈಲಿ ಬೈಸಿಕೊಂಡ.

ಎಲ್ಲರೂ ಮುಂಗಡಪ್ಪನವರು ಹೂಂ ಎನ್ನುತ್ತಾರೆಂದೇ ಎಣಿಸಿದ್ದರು. ಅವರು ಬೇಡವೆಂದರು. ಜೀವನದಲ್ಲಿ ಮೊದಲ ಸಲ!

ಮಗನಿಗೆ ದಿಗಿಲಾಯಿತು. ಡಾಕ್ಟರಿಗೆ ತೋರಿಸಿದಿರೇನು ಎಂದು ಅವ್ವನನ್ನು ಕೇಳಿದ. ಕಾರಣವೇನೆಂದು ಮೂರು ದಿನ ಯಾರಿಗೂ ತಿಳಿಯಲಿಲ್ಲ. ಹಣದ ಮಾತಲ್ಲ, ಅವರು ಜಿಪುಣರಲ್ಲವೆಂದು ಅವರ ಶತ್ರುಗಳೂ ಒಪ್ಪುತ್ತಾರೆ. ನಾಲ್ಕನೆಯ ದಿನ ತಾವೇ ಬಾಯಿಬಿಟ್ಟರು. "ನೀ ಅಲ್ಲಿ ಬಟನ್ ಒತ್ತಿ ಬಿಡ್ತಿ. ದುಡ್ಡು ಕಂಪ್ನಿಗೆ ಹೋತು. ಆ ಹುಡುಗ ನನ್ನ ಮುಖಾನೇ ನೋಡಿಲ್ಲ. ನಾ ಹಡಗು ಹತ್ತಿದ್ರ ಅವಂಗೇನು ಗೊತ್ತು, ಇವ್ರು ಕೊಟ್ಟವ್ರು ಅಂತ?"

ಇಲ್ಲಿಗೆ ಬಂತು ನೋಡಿ. ನಾವೆಲ್ಲ ಇಷ್ಟು ವರ್ಷ ತಪ್ಪು ತಿಳಿದಿದ್ದೆವು, ಅವರು ಸೇವೆ ಚೆನ್ನಾಗಿರಲೆಂದು ಮುಂಚೆ ಕೊಡುತ್ತಾರೆ ಎಂದು. ಸೇವೆ ಹೇಗಿದ್ದರೂ ಅವರಿಗೆ ನಡೆಯುತ್ತದೆ. ದುಡ್ಡು ಪಡೆದ ಹುಡುಗ ರೊಟ್ಟಿ ತರದಿದ್ದ ದಿನವೂ ಅವರು ಸಿಟ್ಟಾಗಿರಲಿಲ್ಲ. ಅವರು ಕೊಂಡುಕೊಳ್ಳುವುದು ನೋಟು ಅಂಗೈಗೆ ತಾಗಿದಾಗ ಆ ಹುಡುಗ ತಲೆಯೆತ್ತಿ ನೋಡುವ ನೋಟವನ್ನು, ಆಮೇಲೆ ಬರುವ "ಯಜಮಾನ್ರ" ಎಂಬ ಕರೆಯನ್ನು. ಊಟ ಮುಗಿದ ಮೇಲೆ ಕೊಟ್ಟರೆ ಆ ಕರೆ ಬಾಗಿಲ ತನಕ ಮಾತ್ರ. ಮೊದಲೇ ಕೊಟ್ಟರೆ ಊಟದುದ್ದಕ್ಕೂ. ಹಡಗಿನ ಕಂಪನಿ ಹಣವನ್ನಷ್ಟೇ ಇಟ್ಟುಕೊಂಡು ಕರೆಯನ್ನು ಕಿತ್ತುಹಾಕಿದೆ. ಬಟ್ಟೆ ಒಗೆಯುವವನಿಗೆ ಇದು ಒಳ್ಳೆಯದೇ, ಅವನ ಪಾಲು ಯಾರ ಮುಖ ನೋಡದೆಯೂ ಬರುತ್ತದೆ. ನನ್ನನ್ನು ಕೇಳಿದರೆ ಮಗ ಕಟ್ಟಿಬಿಡಬೇಕಿತ್ತು ಎಂದೇ ಹೇಳುತ್ತೇನೆ. ಕಟ್ಟಿಯೇಬಿಟ್ಟ ಕೂಡ, ಅಪ್ಪನಿಗೆ ಹೇಳಲಿಲ್ಲ.

ಹಡಗಿನಲ್ಲಿ ರೂಮಿನ ಹುಡುಗ ನಮ್ಮ ಕರಾವಳಿಯವನೇ ಇದ್ದದ್ದು ಮುಂಗಡಪ್ಪನವರ ಪುಣ್ಯ. ಸೂಟ್‌ಕೇಸು ಒಳಗಿಡಲು ಅವನು ಬಾಗಿದ ಕೂಡಲೇ ಐದು ಡಾಲರಿನ ನೋಟು ಉದ್ದಕ್ಕೊಮ್ಮೆ, ಅಡ್ಡಕ್ಕೆರಡು ಸಲ ಮಡಿಚಿ ಸಿದ್ಧವಾಗಿತ್ತು.

"ಸರ್, ನಿಮ್ಮ ಟಿಪ್ಸ್ ಮೊದಲೇ ಕಟ್ಟಿದ್ದಾರಲ್ಲ" ಎಂದ ಹುಡುಗ, ಪ್ರಾಮಾಣಿಕ.

"ಯಾರ ಹೆಸರಿಗೆ ಬಂದೈತಿ?"

"ಹೆಸರೆಂತ ಇಲ್ಲ ಸರ್. ಎಲ್ಲರದ್ದೂ ಒಟ್ಟಿಗೇ ಬರುವುದು."

"ಹಂಗಾರ ಅದು ನಂದಲ್ಲ. ಇದು ನಂದು. ಇಸ್ಕಾ ತಮ್ಮಾ."

ಹುಡುಗ ತೆಗೆದುಕೊಂಡ. ತಲೆಯೆತ್ತಿ ನೋಡಿದ. "ಥ್ಯಾಂಕ್ಸ್ ಯಜಮಾನ್ರೇ" ಎಂದ, ಎಲ್ಲಿ ಕಲಿತಿದ್ದನೋ. ಏಳು ದಿನವೂ ಮುಂಗಡಪ್ಪನವರ ಮುಖದ ಕಳೆ ಇಳಿಯಲಿಲ್ಲ. ಅವರ ಹೆಂಡತಿ ಕಡೆಯ ದಿನ ಉಳಿದಿದ್ದ ಶೇಂಗಾ ಹೋಳಿಗೆಯನ್ನು ಪೇಪರಿನಲ್ಲಿ ಸುತ್ತಿ ಅದೇ ಹುಡುಗನಿಗೆ ಕೊಟ್ಟರು, ಮನೆಯಲ್ಲಿ ಯಾರ್‍ಯಾರಿದ್ದಾರೆಂದು ವಿಚಾರಿಸಿದರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಊರಿಗೆ ಬಂದ ಮೇಲೆ ಚಾದಂಗಡಿಯಲ್ಲಿ ಸಮುದ್ರದ ಬಗ್ಗೆ ಕೇಳಿದರೆ ಮುಂಗಡಪ್ಪನವರು ಎರಡೇ ಮಾತಿನಲ್ಲಿ ಮುಗಿಸುತ್ತಾರೆ, "ನೀರು ಬಾಳ ಐತಿ" ಎಂದು. ಟವೆಲಿನ ವಿಷಯಕ್ಕೆ ಬಂದರೆ ಚಾ ಆರುತ್ತದೆ. ಸಂಜೆ ಹಾಸಿಗೆ ಸರಿಪಡಿಸುವಾಗ ಆ ಹುಡುಗ ಟವೆಲು ಮಡಿಚಿ ಒಂದಿನ ಹಂಸ, ಒಂದಿನ ಮೊಲ, ಒಂದಿನ ಆನೆ ಮಾಡಿ ಇಡುತ್ತಿದ್ದನಂತೆ. ಸೊಂಡಿಲು, ಕಿವಿ, ಎಲ್ಲ ಟವೆಲಿನಲ್ಲೇ. "ಬರೇ ಐದು ಡಾಲರಿಗೆ ನಮಗ ಆನಿ ಮಾಡಿಟ್ಟಿದ್ದ ನೋಡ್ರಿ!"

ತರಕಾರಿ ಚೀಲ ಹಿಡಿದು ಬಂದಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಏನ್ರೀ, ಎದುರಿಗಿನ ರೂಮಿನ್ಯಾಗೂ ಆನಿ ಇತ್ತಲ್ರೀ, ನಾನೇ ನೋಡೀನಿ."

"ಇತ್ತು, ಇಲ್ಲ ಅನ್ನಂಗಿಲ್ಲ" ಎಂದರು ಮುಂಗಡಪ್ಪನವರು, ಚಾ ತಂದ ಹುಡುಗನ ಅಂಗೈಗೆ ಕೈ ಚಾಚುತ್ತ. "ಅದು ಸಣ್ಣ ಆನಿ."