ಸಫಾರಿ ಮಹಾಶಯರು

ಮೊದಲ ಬಾರಿಗೆ ಸಫಾರಿಗೆ ಬಂದ ಮಹಾಶಯರು ಕೆನ್ಯಾದ ಮಸಾಯಿ ಮಾರಾದಲ್ಲಿ ವರ್ಷವಿಡೀ ಕಾಣಸಿಗುತ್ತಾರೆ. ವಿಲ್ಡೆಬೀಸ್ಟ್‌ಗಳು ಸೆರೆಂಗೆಟಿಯಿಂದ ಮೇಯಲು ಬರುವ ಜುಲೈನಿಂದ ಅಕ್ಟೋಬರ್‌ವರೆಗೆ ಇವರ ಹಿಂಡೂ ದೊಡ್ಡದೇ. ಮೈಬಣ್ಣ ಖಾಕಿ. ಅಡಿಯಿಂದ ಮುಡಿಯವರೆಗೆ ಎಲ್ಲವೂ ಹೊಸತು. ಕೆಲವರ ಟೋಪಿಯಲ್ಲಿ ಅಂಗಡಿಯ ಬೆಲೆಚೀಟಿ ಇನ್ನೂ ನೇತಾಡುತ್ತಿರುತ್ತದೆ. ಆಫ್ರಿಕ ಅಂದರೆ ಸೆಕೆ ಎಂದು ನಂಬಿದವರಾದ್ದರಿಂದ ಸ್ವೆಟರ್ ತಂದಿರುವುದಿಲ್ಲ. ಮಾರಾ ಇರುವುದು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ. ಹಾಗಾಗಿ ಬೆಳಗಿನ ಆರೂವರೆಗೆ ಲ್ಯಾಂಡ್ ಕ್ರೂಸರ್‌ನ ಎತ್ತಿದ ಛಾವಣಿಯಡಿ ಲಾಡ್ಜಿನ ಕಂಬಳಿ ಹೊದ್ದು, ಮೂಗು ಸೊರಗುಟ್ಟಿಸುತ್ತ ನಿಂತಿರುತ್ತಾರೆ.

ಇವರ ಗುರಿ 'ಬಿಗ್ ಫೈವ್': ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ. ನಡೆದು ಹೋಗಿ ಬೇಟೆಯಾಡುವವರಿಗೆ ಅತಿ ಅಪಾಯದ ಪ್ರಾಣಿಗಳೆಂದು ಹಿಂದಿನ ಶಿಕಾರಿಗಳು ಮಾಡಿಕೊಂಡ ಪಟ್ಟಿ ಇದು. ಕೆನ್ಯಾದಲ್ಲಿ 1977ರಲ್ಲೇ ಬೇಟೆ ನಿಂತಿತು, ಪಟ್ಟಿ ನಿಲ್ಲಲಿಲ್ಲ. ಪಾಪ, ಜಿರಾಫೆಗೆ ಅದರಲ್ಲಿ ಜಾಗವಿಲ್ಲ.

ಮೊದಲ ಗಂಟೆಯಲ್ಲಿ ಕಂಡ ಹುತ್ತವೆಲ್ಲ ಸಿಂಹವೇ. ಮೊದಲ ಇಂಪಾಲಾ ಜಿಂಕೆಗೆ ಫೋನಿನ ಅರ್ಧ ಬ್ಯಾಟರಿ ಖರ್ಚು. ಮಧ್ಯಾಹ್ನದ ಹೊತ್ತಿಗೆ, "ಅಯ್ಯೋ, ಮತ್ತೆ ಅದೇನಾ? ಮುಂದೆ ನಡೀರಿ." ನಿಜವಾದ ಸಿಂಹ ಸಿಕ್ಕಾಗ ಅದು ಪೊದೆಯ ನೆರಳಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿರುತ್ತದೆ. ಸಿಂಹಗಳು ದಿನಕ್ಕೆ 20 ಗಂಟೆವರೆಗೂ ಬಿದ್ದುಕೊಂಡಿರುವುದುಂಟು.

"ಏಳೋದಿಲ್ವಾ?"

"ಏಳುತ್ತೆ ಸರ್, ಸಂಜೆಗೆ."

ಸಿಂಹವನ್ನು ಎಬ್ಬಿಸಲೆಂದು ಗಾಡಿಯ ಬಾಗಿಲು ಬಡಿಯಲು ಎತ್ತಿದ ಕೈ, ಚಾಲಕ ತಿರುಗಿ ನೋಡಿದ್ದೇ ಟೋಪಿ ಸರಿಮಾಡಿಕೊಳ್ಳುತ್ತದೆ.

ಚಾಲಕರು ವೈರ್‌ಲೆಸ್‌ನಲ್ಲಿ ಆಡುವ ಸ್ವಾಹಿಲಿಯಲ್ಲಿ ಮಹಾಶಯರು ಕಲಿಯುವುದು ಚಿರತೆಯ ಹೆಸರೊಂದನ್ನೇ: 'ಚುಯಿ'. ಅದು ಕಿವಿಗೆ ಬಿದ್ದರೆ ಸಾಕು, ಊಟದ ಡಬ್ಬಿ ಮುಚ್ಚುತ್ತದೆ, ಗಾಡಿ ಧೂಳೆಬ್ಬಿಸಿ ಓಡುತ್ತದೆ. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಬಾರದೆಂಬುದು ಅಲ್ಲಿನ ನಿಯಮ. ಇವರದು ಯಾವಾಗಲೂ ಆರನೆಯದು. ಕಾದು ಕಾದು ಸರದಿ ಬಂದಾಗ ಕಾಣುವುದು ಎಲೆಗಳ ನಡುವಿನಿಂದ ಇಳಿಬಿದ್ದ ಒಂದು ಬಾಲ. ಫೋಟೋದಲ್ಲಿ ಅದೂ ಇಲ್ಲ, ಬರೀ ಕೊಂಬೆ.

ರಾತ್ರಿ ಊಟದ ಮೇಜಿನಲ್ಲಿ ಲೆಕ್ಕ ಶುರು. ಆನೆ, ಕಾಡೆಮ್ಮೆ, ಸಿಂಹಕ್ಕೆ ತಕರಾರಿಲ್ಲ. ಘೇಂಡಾಮೃಗ ದೂರದ ಹುಲ್ಲಿನಲ್ಲಿ ಕಂಡ ಕಪ್ಪು ಚುಕ್ಕೆ; ಬಂಡೆ ಇದ್ದರೂ ಇರಬಹುದು, ಆದರೆ ಚಾಲಕ ಹೇಳಿದ್ದಾನಲ್ಲ. ಉಳಿದದ್ದು ಬಾಲ. ಹೆಂಡತಿ ಒಪ್ಪುವುದಿಲ್ಲ, ಮಗ ನಗುತ್ತಾನೆ. ವಿಚಾರಣೆ ಚಾಲಕನ ಮುಂದೆ ಬರುತ್ತದೆ. ಮರುದಿನ ಟಿಪ್ಸ್ ಸಿಗಬೇಕಾದ ಆತ ತಡಮಾಡದೆ ತೀರ್ಪು ಕೊಡುತ್ತಾನೆ: ಬಾಲ ಇದ್ದ ಮೇಲೆ ಚಿರತೆಯೂ ಇದ್ದೇ ಇರುತ್ತದೆ ಸರ್.