ಒಣ ಹಳ್ಳದ ನೀರು ಅಳೆಯುವ ಕ್ರಮ

ಗಣಿ ಬರುವ ಮುಂಚೆ ಸುತ್ತಲಿನ ಹಳ್ಳ, ಹೊಳೆ, ಬಾವಿಗಳ ನೀರು ಹೇಗಿತ್ತು ಎಂದು ಬರೆದಿಡಲು ಹಾವೇರಿ ಜಿಲ್ಲೆಗೆ ಬಂದಿಳಿಯುವ ಕ್ಷೇತ್ರ ಸಹಾಯಕರಿಗಾಗಿ ಈ ಕೈಪಿಡಿ. ನಿಮ್ಮ ಕಚೇರಿಯಲ್ಲಿ ಈ ಕೆಲಸಕ್ಕೆ ಬೇಸ್‌ಲೈನ್ ಅಧ್ಯಯನ ಎನ್ನುತ್ತಾರೆ. ಬಾಡಿಗೆ ಮನೆ ಹೊಗುವ ದಿನವೇ ಗೋಡೆಯ ಬಿರುಕುಗಳ ಫೋಟೊ ತೆಗೆದಿಟ್ಟುಕೊಂಡ ಹಾಗೆ. ಇಲ್ಲಿ ಫೋಟೊದ ಖರ್ಚು ಬಾಡಿಗೆದಾರನದು, ಫೋಟೊ ತೆಗೆಯುವ ನೀವು ಅವನ ಕಡೆಯವರು. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕಾನೂನೇ ಹಾಗಿದೆ.

ಮೊದಲು ಗಣಿ ಯಾವುದೆಂದು ತಿಳಿದುಕೊಳ್ಳಿ. ಹಾವೇರಿ ತಾಲ್ಲೂಕಿನ ಗಣಜೂರಿನ ನೆಲದಡಿ ಚಿನ್ನವಿದೆ. ಡೆಕ್ಕನ್ ಗೋಲ್ಡ್ ಮೈನ್ಸ್ ಕಂಪನಿ ವರ್ಷಗಟ್ಟಲೆ ಕೊರೆದು ನೋಡಿ ಗುತ್ತಿಗೆಗೆ ಅರ್ಜಿ ಹಾಕಿಕೊಂಡಿತ್ತು. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ ಇನ್ನೆಲ್ಲ ಹರಾಜು ಎಂದಾಯಿತು. ಮೊದಲೇ ಶೋಧ ನಡೆಸಿದವರಿಗೆ ಮಾತ್ರ ಒಂದು ಕಿಂಡಿ ಉಳಿಯಿತು. 2021ರ ತಿದ್ದುಪಡಿ ಆ ಕಿಂಡಿಯನ್ನೂ ಮುಚ್ಚಿ, ಬಾಕಿ ಇದ್ದ ಅರ್ಜಿಗಳನ್ನು ಕೈಬಿಟ್ಟಿತು. ಅರ್ಜಿ ಹೋಯಿತು, ಚಿನ್ನ ಅಲ್ಲೇ ಇದೆ. ಹಾಗಾದರೆ ಈಗೇನು ಅವಸರ ಎಂದು ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗಿ. ಗಣಿ ಶುರುವಾದ ಮೇಲೆ ಗಣಿಗಿಂತ ಮುಂಚಿನ ನೀರನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸಿಕೊಡುವುದಿಲ್ಲ.

ಮುಂದೆ ನಕ್ಷೆ. ಗಣಿಯನ್ನು ನಡುವೆ ಇಟ್ಟು 10 ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ವೃತ್ತ ಮುಗಿದಲ್ಲಿ ನೀರೂ ನಿಲ್ಲುತ್ತದೆ ಎಂದು ಭಾವಿಸತಕ್ಕದ್ದು. ವರದಾ ನದಿಗೆ ಇದನ್ನು ಯಾರೂ ತಿಳಿಸಿಲ್ಲ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿ ದಾಟಿ ಹಾನಗಲ್ ತಾಲ್ಲೂಕಿಗೆ ಬರುತ್ತದೆ. ಕೂಡಲದಲ್ಲಿ ಧರ್ಮಾ ನದಿಯನ್ನು ಕರೆದುಕೊಂಡು, ಸವಣೂರಿನ ಕಳಸೂರು, ಹಾವೇರಿಯ ಕರ್ಜಗಿ ಕಡೆ ಹಾಯ್ದು, ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಆದ್ದರಿಂದ ಹಾನಗಲ್ ಕಡೆಯ ನೀರನ್ನು ಮೇಲ್ದಂಡೆಯ ಮಾದರಿ ಎಂದೂ ಸವಣೂರಿನ ಕಡೆಯದನ್ನು ಕೆಳದಂಡೆಯದೆಂದೂ ಬರೆದುಕೊಳ್ಳಿ. ಶಿಗ್ಗಾಂವಿಯಲ್ಲಿ ಸ್ವಲ್ಪ ಹುಷಾರು. ದುಂಡಶಿ ಹತ್ತಿರ ಹುಟ್ಟುವ ಬೆಣ್ಣಿಹಳ್ಳ ಉತ್ತರಕ್ಕೆ ತಿರುಗಿ ನವಲಗುಂದದ ಎರಿ ಹೊಲಗಳನ್ನು ಮುಳುಗಿಸಿ ಮಲಪ್ರಭೆಗೆ ಹೋಗುತ್ತದೆ, ಅದಕ್ಕೂ ವರದೆಗೂ ಸಂಬಂಧವಿಲ್ಲ. ಒಂದೇ ಜಿಲ್ಲೆ ಎಂಬ ಕಾರಣಕ್ಕೆ ಅಲ್ಲಿಯ ಬಾಟಲಿಯನ್ನು ಇಲ್ಲಿಯ ಲೆಕ್ಕಕ್ಕೆ ಸೇರಿಸಿದರೆ ವರದಿಯ ಸರಾಸರಿ ಚಂದ ಬರುತ್ತದೆ, ಅರ್ಥ ಮಾತ್ರ ಬರುವುದಿಲ್ಲ.

ಹಿರೇಕೆರೂರು ದೂರವಾಯಿತೆಂದು ಬಿಡಬೇಡಿ. ಗಣಿಯ ನೆರಳೂ ತಾಗದ, ಆದರೆ ಮಳೆ, ಮಣ್ಣು, ಬೆಳೆ ಹೆಚ್ಚುಕಡಿಮೆ ಇಲ್ಲಿಯಂತೆಯೇ ಇರುವ ಇನ್ನೊಂದು ಹರಿವು ಹೋಲಿಕೆಗೆ ಬೇಕು. ಮುಂದೆ ವರದೆಯಲ್ಲಿ ಏನಾದರೂ ಕಂಡಾಗ ಅದು ಗಣಿಯದೋ, ಆ ವರ್ಷದ ಬರದ್ದೋ ಎಂದು ಹೇಳಲು ಮದಗ ಮಾಸೂರು ಕೆರೆಯ ಕಡೆಯ ಕುಮುದ್ವತಿ ನದಿಯೇ ಸಾಕ್ಷಿ. ಕಂಪನಿಯ ಲೆಕ್ಕದವರು ಈ ಪ್ರಯಾಣದ ಬಿಲ್ಲಿಗೆ ತಕರಾರು ಎತ್ತುತ್ತಾರೆ. ಎತ್ತಲಿ.

ಇನ್ನು ಕಾಲ. ಗಣಿಗೆ ಪರಿಸರ ಅನುಮತಿ ಬೇಡುವವರಿಗೆ ಕೇಂದ್ರ ಸಚಿವಾಲಯ ಕೊಡುವ ಸೂಚನೆಯಲ್ಲಿ, ಮಳೆಗಾಲ ಬಿಟ್ಟು ಒಂದು ಋತುವಿನ ದತ್ತಾಂಶ ಸಾಕು ಎಂದಿದೆ. ಮಾರ್ಚ್‌ನಿಂದ ಮೇ, ಇಲ್ಲವೇ ಅಕ್ಟೋಬರ್‌ನಿಂದ ಡಿಸೆಂಬರ್, ಇಲ್ಲವೇ ಡಿಸೆಂಬರ್‌ನಿಂದ ಫೆಬ್ರುವರಿ. ಯಾವುದು ಬೇಕೋ ಆರಿಸಿಕೊಳ್ಳಿ. ಮಾರ್ಚ್ ಆರಿಸಿಕೊಂಡರೆ ಕೆಲಸ ಹಗುರ, ಏಕೆಂದರೆ ಆಗ ಈ ಸೀಮೆಯ ಸಣ್ಣ ಹಳ್ಳಗಳಲ್ಲಿ ನೀರೇ ಇರುವುದಿಲ್ಲ. ಹಳ್ಳದ ಪಾತ್ರದಲ್ಲಿ ನಿಂತು, ಜಿಪಿಎಸ್ ಹಿಡಿದು, ಫೋಟೊ ತೆಗೆಸಿಕೊಂಡು, ಕೋಷ್ಟಕದಲ್ಲಿ ‘ಹರಿವು ಇಲ್ಲ’ ಎಂದು ತುಂಬಿ. ಮಾಲಿನ್ಯವೂ ಇಲ್ಲ ಎಂದು ಓದುವವರು ತಾವೇ ತಿಳಿದುಕೊಳ್ಳುತ್ತಾರೆ.

ಅಷ್ಟರಲ್ಲಿ ದನ ಕಾಯುವ ಯಜಮಾನರೊಬ್ಬರು ಬಂದೇ ಬರುತ್ತಾರೆ.

“ಏನ್ ಮಾಡಾಕತ್ತೀರಿ ಸಾಹೇಬ್ರ? ಬೋರ್ ಪಾಯಿಂಟ್ ನೋಡಾಕ ಬಂದೀರೇನು?”

“ಇಲ್ರೀ ಅಜ್ಜಾರ, ಹಳ್ಳದ ನೀರು ಟೆಸ್ಟ್ ಮಾಡಾಕ.”

“ಹಳ್ಳ ಬಂದಾಗ ಬರಬೇಕಲ್ರೀ ಮತ್ತ. ಈಗೇನೈತಿ ಇಲ್ಲಿ, ಬರೇ ಉಸುಕು.”

ಇದಕ್ಕೆ ಕೈಪಿಡಿಯಲ್ಲಿ ಉತ್ತರವಿಲ್ಲ. ಆ ಅಜ್ಜ ಹೇಳಿದ್ದೇ ಸರಿ. ಗಣಜೂರಿನ ಚಿನ್ನ ಕಬ್ಬಿಣದ ಪಟ್ಟೆಗಳುಳ್ಳ ಚರ್ಟ್ ಕಲ್ಲಿನಲ್ಲಿ, ಪೈರೈಟ್, ಆರ್ಸೆನೋಪೈರೈಟ್ ಎಂಬ ಗಂಧಕದ ಖನಿಜಗಳ ಜೊತೆ ಕೂತಿದೆ. ಅಗೆದು ರಾಶಿ ಹಾಕಿದ ಕಲ್ಲಿನ ಪೈರೈಟ್‌ಗೆ ಗಾಳಿಯೂ ನೀರೂ ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ. ಆರ್ಸೆನೋಪೈರೈಟ್ ತನ್ನೊಳಗಿನ ಆರ್ಸೆನಿಕ್ ಬಿಟ್ಟುಕೊಡುತ್ತದೆ. ಬೇಸಿಗೆಯಿಡೀ ಹೀಗೆ ಕೂಡಿದ್ದನ್ನು ರೋಹಿಣಿ, ಮೃಗಶಿರಾ ಮಳೆಗಳು ಒಂದೇ ಏಟಿಗೆ ತೊಳೆದು ಹಳ್ಳಕ್ಕೆ ತರುತ್ತವೆ. ಆ ಮೊದಲ ಕೆಂಪು ನೀರು ಗಣಿಗೆ ಮುಂಚೆ ಹೇಗಿತ್ತು ಎಂಬುದೇ ಎಲ್ಲಕ್ಕಿಂತ ಮುಖ್ಯವಾದ ಅಂಕಿ. ಸೂಚನೆ ಬಿಡಬಹುದೆಂದ ಋತುವೂ ಅದೇ. ಅಲಾಸ್ಕಾದ ಪೆಬ್ಬಲ್ ಗಣಿಗಾಗಿ ಕಂಪನಿ 2004ರಿಂದ 2008ರವರೆಗೆ ಹೊಳೆಗಳನ್ನು ಅಳೆದು, 2012ರಲ್ಲಿ 20,000ಕ್ಕೂ ಹೆಚ್ಚು ಪುಟ ಹೊರತಂದಿತ್ತು. ಇಷ್ಟಾದರೂ 2023ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಆ ಗಣಿಗೆ ತಡೆ ಹಾಕಿತು. ನಿಮ್ಮ ಕಂಪನಿಯವರಿಗೆ ಈ ಕಥೆ ಹೇಳಬೇಡಿ.

ಅಜ್ಜನ ಮಾತಿಗೆ ಬೆಲೆ ಕೊಟ್ಟು ಜೂನ್‌ನಲ್ಲಿ ಮತ್ತೆ ಬಂದಿರಿ ಎಂದುಕೊಳ್ಳೋಣ. ಮೊದಲು ಹರಿವು. ಕಾಳು ಬಿಡಿಸಿದ ಗೋವಿನಜೋಳದ ತೆನೆಯೊಂದನ್ನು ತೇಲಿಬಿಟ್ಟು, ಅಳೆದಿಟ್ಟ ದೂರವನ್ನು ಎಷ್ಟು ಸೆಕೆಂಡಿಗೆ ದಾಟುತ್ತದೆ ನೋಡಿ. ವೇಗ, ಅಗಲ, ಆಳ ಗುಣಿಸಿ, ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುವುದರಿಂದ ಸುಮಾರು 0.85ರಿಂದ ಮತ್ತೆ ಗುಣಿಸಿ. ಹರಿವು ಗೊತ್ತಿಲ್ಲದೆ ಬರೆದ ಆರ್ಸೆನಿಕ್ ಅಂಕಿ ಅರ್ಧ ಅಂಕಿ. ಆಮೇಲೆ ಹರಿವಿಗೆ ಎದುರಾಗಿ ನಿಂತು, ನಿಮ್ಮ ಕಾಲಿನ ಕೆಸರು ಬಾಟಲಿಗೆ ಬರದಂತೆ, ಬಾಯಿ ಕೆಳಗೆ ಮಾಡಿ ಮುಳುಗಿಸಿ, ನೀರೊಳಗೇ ತಿರುಗಿಸಿ ತುಂಬಿಕೊಳ್ಳಿ. ಲೋಹದ ಪರೀಕ್ಷೆಯ ಬಾಟಲಿಗೆ ನೈಟ್ರಿಕ್ ಆಮ್ಲ ಹನಿಸಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿ, ಹಳ್ಳ ಇದ್ದದ್ದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಪಿಎಚ್, ಉಷ್ಣತೆಗಳನ್ನು ದಂಡೆಯಲ್ಲೇ ನೋಡಿ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಎರಡೂ ಬದಲಾಗಿರುತ್ತವೆ.

ನೈಟ್ರೇಟನ್ನೂ ಅಳೆಯಿರಿ. ಈ ಸೀಮೆಯಲ್ಲಿ ಗೋವಿನಜೋಳಕ್ಕೆ ಯೂರಿಯಾ ಬಿದ್ದ ಮೇಲೆ ಹಳ್ಳದಲ್ಲೂ ನೈಟ್ರೇಟ್ ಬೀಳುತ್ತದೆ. ಗಣಿಯ ಸ್ಫೋಟಕದಲ್ಲಿರುವ ಅಮೋನಿಯಂ ನೈಟ್ರೇಟ್ ಕೂಡ ನೀರಿಗೆ ಬಿಡುವುದು ಅದನ್ನೇ. ಮುಂದೊಂದು ದಿನ ಕಂಪನಿಯವರು ರೈತರ ಕಡೆ, ರೈತರು ಕಂಪನಿಯ ಕಡೆ ಬೊಟ್ಟು ಮಾಡುವಾಗ ನಿಮ್ಮ ಹಳೆಯ ಅಂಕಿಯೊಂದೇ ಮಧ್ಯಸ್ಥ.

ಪ್ರಯೋಗಾಲಯದ ವರದಿ ಬಂದಾಗ ಆರ್ಸೆನಿಕ್ ಸಾಲಿನಲ್ಲಿ ‘ಬಿಡಿಎಲ್’ ಎಂದಿರಬಹುದು. ಪತ್ತೆಮಿತಿಗಿಂತ ಕಡಿಮೆ ಎಂದು ಅದರ ಅರ್ಥ. ಇದನ್ನು ‘ಇಲ್ಲ’ ಎಂದು ಓದುವುದು ವಾಡಿಕೆ. ಯಂತ್ರದ ಮಿತಿ ಎಷ್ಟು ಎಂದು ಮಾತ್ರ ಕೇಳಬಾರದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಆರ್ಸೆನಿಕ್‌ಗೆ ಇಟ್ಟಿರುವ ಗೆರೆ ಲೀಟರಿಗೆ 0.01 ಮಿಲಿಗ್ರಾಂ. ಯಂತ್ರ 0.05ಕ್ಕಿಂತ ಕಡಿಮೆಯದನ್ನು ಕಾಣಲಾರದು ಎಂದಿಟ್ಟುಕೊಳ್ಳಿ. ಆಗ ಮಿತಿಯ ನಾಲ್ಕು ಪಟ್ಟು ವಿಷವಿರುವ ನೀರೂ ಬಿಡಿಎಲ್ ಆಗಿ ಪಾಸಾಗುತ್ತದೆ. ಅಪ್ಪಿತಪ್ಪಿ ಕೇಳಿದಿರೋ, ಎಲ್ಲ ಬಾಟಲಿಗಳನ್ನೂ ಬೇರೆ ಕಡೆ ಮತ್ತೆ ಪರೀಕ್ಷೆಗೆ ಕಳಿಸಬೇಕಾದೀತು.

ಇದೆಲ್ಲ ಅತಿಯಾಯಿತು ಎನ್ನುವ ಮೇಲಧಿಕಾರಿಗೆ ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಹೆಸರು ಹೇಳಿ. ಅಲ್ಲಿ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತು, ಜನರ ಅಂಗೈ ಅಂಗಾಲುಗಳಲ್ಲಿ ಗಂಟುಗಳೆದ್ದವು. ಹತ್ತಿರದಲ್ಲೇ ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿ ಮುಚ್ಚಿ ಬಿದ್ದಿದೆ. ವಿಷ ಕಲ್ಲಿನಲ್ಲಿ ಮೊದಲೇ ಇತ್ತೋ, ಅಗೆದದ್ದರಿಂದ ಹೊರಬಂತೋ ಎಂದು ತೂಗಿ ನೋಡಲು ಗಣಿಗೆ ಮುಂಚಿನ ಒಂದು ಬಾಟಲಿ ನೀರಿನ ಲೆಕ್ಕವೂ ಇಲ್ಲ.

ವರದಿ ಬರೆಯುವುದು ಸುಲಭ. ಬೇರೆ ಗಣಿಯ ವರದಿಯಿಂದ ನಕಲು ಮಾಡುವಾಗ ಊರಿನ ಹೆಸರು ಬದಲಿಸಲು ಮರೆಯಬೇಡಿ. ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯಾದ ಗಣಿ ವರದಿಯ ಸಾಲುಗಳು ಹಾಗೆಹಾಗೇ ಸಿಕ್ಕಿ ಗದ್ದಲವಾಗಿತ್ತು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರಾಂಶ ಕನ್ನಡದಲ್ಲೂ ಇರಬೇಕು, ಸಾರ್ವಜನಿಕ ಅಹವಾಲು ಸಭೆಗೆ 30 ದಿನ ಮುಂಚೆ ತಿಳಿಸಬೇಕು. ಸಭೆಯಲ್ಲಿ ಆ ಅಜ್ಜ ಮೈಕ್ ಹಿಡಿದರೆ ನೀವು ವೇದಿಕೆಯ ಹಿಂದಿರುವುದು ಕ್ಷೇಮ.

ಪ್ರಯೋಗಾಲಯದ ಮೂಲ ಹಾಳೆಗಳ ಒಂದು ಪ್ರತಿಯನ್ನು, ಯಂತ್ರದ ಮಿತಿ, ಜಿಪಿಎಸ್ ಬಿಂದು, ದಿನಾಂಕಗಳ ಸಮೇತ, ಗ್ರಾಮ ಪಂಚಾಯಿತಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಕಪಾಟಿನ ಕೀಲಿ ಪಿಡಿಒ ಹತ್ತಿರ ಇರುತ್ತದೆ. ಪಿಡಿಒಗೆ ವರ್ಗವಾದರೆ ಇನ್ನೊಂದು ಪ್ರತಿ ತೆಗೆದುಕೊಂಡು ಹೋಗಿ.