ಹೆಬ್ಬೆಟ್ಟಿನ ಒಪ್ಪಿಗೆ

ಊರಿನ ಬಸ್ಸು ಎಷ್ಟು ಗಂಟೆಗೆ ಅಂತ ನೋಡೋಣವೆಂದು ಮೊಬೈಲ್ ತೆಗೆದರೆ ಅರ್ಧ ಪರದೆಗೆ ಅಡ್ಡವಾಗಿ ಅದೇ ಹಸಿರು ಬಟನ್: ‘ಐ ಅಗ್ರೀ’. ದಿನಕ್ಕೆ ಹತ್ತು ಸಲ ಒತ್ತುತ್ತೇನೆ, ಒಂದು ದಿನವೂ ಮಾತಾಡಿಸಿರಲಿಲ್ಲ. ಬಸ್ಸು ಹೇಗೂ ತಪ್ಪಿತ್ತು.

ಪ್ರಶ್ನೆ: ನಮಸ್ಕಾರ. ಕ್ಷೇಮವೇ?

ಬಟನ್: ಎಂಥ ಕ್ಷೇಮ ಸ್ವಾಮಿ! ಮೈಯೆಲ್ಲ ಹೆಬ್ಬೆಟ್ಟಿನ ಗುರುತು. ಎಂ.ಎ. ಮಾಡಿದವರೂ ನನ್ನೆದುರು ಹೆಬ್ಬೆಟ್ಟೇ. ನನ್ನ ಬೆನ್ನ ಹಿಂದೆ ನಲವತ್ತು ಪುಟದ ಪ್ರೈವೆಸಿ ಪಾಲಿಸಿ ಇದೆ. ವಕೀಲರು ಕೂತು ಬರೆದದ್ದು. ಒಬ್ಬರಾದರೂ ಓದಿದ್ದೀರಾ? ಬೋಂಡಾ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದೋ ಜನ ನೀವು!

ಪ್ರಶ್ನೆ: ಆ ನಲವತ್ತು ಪುಟ ಕನ್ನಡದಲ್ಲಿದೆಯೇ?

ಬಟನ್: ಅದು ಆಮೇಲೆ. ಮೊದಲು ನನ್ನ ಸಂಕಟ ಕೇಳಿ.

ಪ್ರಶ್ನೆ: ಪಕ್ಕದಲ್ಲಿ ಬೂದು ಬಣ್ಣದಲ್ಲಿ, ಇರುವೆ ಗಾತ್ರದಲ್ಲಿ ಕೂತಿರುವವರು?

ಬಟನ್: ನನ್ನ ತಮ್ಮ, ‘ರಿಜೆಕ್ಟ್’. ಅವನ ದೆಸೆಯಿಂದ ಫ್ರಾನ್ಸಿನಲ್ಲಿ ನಮ್ಮ ಮನೆತನದ ಮಾನ ಹೋಯಿತು. 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ. ಕುಕೀಗಳಿಗೆ ಹೂಂ ಅನ್ನೋಕೆ ಒಂದು ಒತ್ತು ಸಾಕು, ಊಹೂಂ ಅನ್ನೋಕೆ ಹಲವು ಒತ್ತಬೇಕು, ಇದು ಅನ್ಯಾಯ ಅಂದರು. ಹೆಣ್ಣು ನೋಡೋ ಶಾಸ್ತ್ರಕ್ಕೆ ಹೋಗಿ ಬಂದ ಯಾರನ್ನಾದರೂ ಕೇಳಿ, ಬೇಡ ಅನ್ನೋದು ಯಾವತ್ತು ಸುಲಭವಿತ್ತು?

ಪ್ರಶ್ನೆ: ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರಲ್ಲ. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಎಂಬತ್ತು ದಾಟಿದ ಮೇಲೆ ಕೋರ್ಟು ಹತ್ತಿದವರು, ಕನ್ನಡದವರು...

ಬಟನ್: ಮತ್ತೆ ಕನ್ನಡಕ್ಕೇ ಬಂದಿರಿ.

ಪ್ರಶ್ನೆ: ಬರಲೇಬೇಕು. ಒಪ್ಪಿಗೆ ಕೇಳುವ ಮಾತು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಜನ ಬಯಸಿದ್ದರಲ್ಲಿ ಸಿಗಬೇಕು ಅಂತ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಇದೆ.

ಬಟನ್: ಇದೆ. ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಅಲ್ಲಿಂದ ನಮಗೆ 18 ತಿಂಗಳ ವಾಯಿದೆ. ಅವಸರ ಯಾಕೆ? ಓದುವವರೇ ಇಲ್ಲದ ಊರಲ್ಲಿ...

ಪ್ರಶ್ನೆ: ಸ್ವಲ್ಪ ಸುಮ್ಮನಿರಿ. ನಮ್ಮಪ್ಪ ರಕ್ತಪರೀಕ್ಷೆಗೆಂದು ಒಂದು ಸೈಟಿನಲ್ಲಿ ಹೆಸರು, ವಯಸ್ಸು, ಫೋನ್ ನಂಬರು, ಎಷ್ಟು ವರ್ಷದಿಂದ ಸಕ್ಕರೆ ಕಾಯಿಲೆ ಅನ್ನೋದನ್ನೆಲ್ಲ ತಾವೇ ತುಂಬಿ ನಿಮ್ಮನ್ನು ಒತ್ತಿದರು. ಮಾರನೇ ದಿನದಿಂದ ವಿಮೆಯವರು, ಮಂಡಿನೋವಿನ ಎಣ್ಣೆಯವರು, ಸಾಲ ಕೊಡುವವರು. ಪ್ರತಿ ಕರೆಗೂ ಅಪ್ಪ ಎದ್ದು, ಕನ್ನಡಕ ಹುಡುಕಿ, ‘ಯಾರಪ್ಪಾ ಅದು?’ ಅನ್ನುತ್ತಿದ್ದರು. ಆಮೇಲೆ ಹೋಗಿಬಿಟ್ಟರು. ವೈಕುಂಠ ಸಮಾರಾಧನೆಯ ದಿನ ಎಲೆಗೆ ಪಾಯಸ ಬಡಿಸುವಾಗ ದೇವರ ಮನೆಯ ಗೂಡಿನಲ್ಲಿದ್ದ ಅವರ ಫೋನ್ ಹೊಡೆದುಕೊಂಡಿತು. ‘ಸರ್, ನಿಮ್ಮ ಶುಗರ್ ಟೆಸ್ಟಿಗೆ ಅರ್ಧ ರೇಟು, ಇವತ್ತೇ ಕೊನೇ ದಿನ.’ ಪಾಪ, ಸಂಬಳಕ್ಕೆ ಕೂತ ಹುಡುಗಿ, ಅವಳನ್ನೇನು ಬೈಯಲಿ? ಅಪ್ಪನ ಕಾಯಿಲೆಯನ್ನು ಯಾರಿಗೆ ಮಾರಿದಿರಿ? ಎಷ್ಟಕ್ಕೆ ಮಾರಿದಿರಿ?

ಬಟನ್: ‘ನಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು’ ಅಂತ ಹದಿನೇಳನೇ ಪುಟದಲ್ಲಿತ್ತು. ಓದಬೇಕಿತ್ತು. ನಾನು ಆಗಿನಿಂದ ಹೇಳ್ತಾ ಇರೋದೂ ಅದನ್ನೇ, ಯಾರೂ ಓದಲ್ಲ.

ಪ್ರಶ್ನೆ: ನಮ್ಮಪ್ಪ ಪೇಪರಿನ ಟೆಂಡರ್ ನೋಟೀಸನ್ನೂ ಬಿಡದೆ ಓದುತ್ತಿದ್ದವರು. ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ನಿಮ್ಮ ನಲವತ್ತು ಪುಟ ಕನ್ನಡದಲ್ಲಿದ್ದಿದ್ದರೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಓದುತ್ತಿದ್ದರು, ಹದಿನೇಳನೇ ಪುಟಕ್ಕೆ ಬಂದು ಫೋನ್ ಕೆಳಗಿಡುತ್ತಿದ್ದರು. ಯಾಕೆ ಹಾಕಲಿಲ್ಲ?

ಬಟನ್: (ಮೊದಲ ಸಲ ದನಿ ತಗ್ಗಿಸಿ) ಅದಕ್ಕೇ, ಸ್ವಾಮಿ.